ಏಳನೆಯ ಕಲಮು

ಮೊಳೆ ಹೊಡೆಯಕೂಡದು ಎನ್ನುವುದು
ಬಾಡಿಗೆ ಕರಾರಿನ ಏಳನೆಯ ಕಲಮು.
ಬೆರಳಚ್ಚು ಮಾಡಿದವಳು ನಾನೇ.

ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಮಳಿಗೆಯಲ್ಲಿ ಕೂತು
ದಿನಕ್ಕೆ ಹತ್ತು ಮನೆಗೆ ಚೆಕ್ಕುಬಂದಿ ಬರೆಯುತ್ತೇನೆ:
ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಇಂಥವರ ಗೋಡೆ.
ಸಂಜೆ ಪೆನ್‌ಷನ್ ಮೊಹಲ್ಲಾದ ಈ ಮಹಡಿ ಹತ್ತಿದರೆ
ನಾಲ್ಕು ದಿಕ್ಕಿಗೂ ಇಂಥವರದೇ ಗೋಡೆ.

ಬಂಗಾರವಲ್ಲ ನನ್ನವು.
ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಹಸಿರು ಗಾಜಿನದು,
ಬಳಪದ ಕಲ್ಲಿನ ಮಣಿಗಳದು,
ತಂಗಿ ಪಿಯುಸಿಯಲ್ಲಿ ಕ್ಯಾಲೆಂಡರಿನ ಹಾಳೆ ಸುತ್ತಿ
ವಾರ್ನಿಷ್ ಬಳಿದು ಕೊಟ್ಟದ್ದು
(ಹತ್ತಿರ ಹಿಡಿದರೆ ಒಂದು ಮಣಿಯಲ್ಲಿ ಈಗಲೂ ಏಕಾದಶಿ).
ಒಂದು ಹವಳದ್ದು. ಹವಳವಲ್ಲ, ಪ್ಲಾಸ್ಟಿಕ್ಕು;
ಕೆಂಪಿಗೆ ಅದು ಗೊತ್ತಿಲ್ಲ.

ಮೊದಮೊದಲು ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟೆ.
ರಾತ್ರಿಯೆಲ್ಲ ಒಳಗೆ ಏನು ಮಾಡುತ್ತಿದ್ದವೋ,
ಬೆಳಗಾದರೆ ಒಂದರ ಕೊರಳಿಗೆ ಇನ್ನೊಂದು ಬಿದ್ದು ಕಗ್ಗಂಟು.
ಎಷ್ಟೋ ಭಾನುವಾರ ಪಿನ್ನಿನ ತುದಿಯಲ್ಲೇ ಕಳೆದವು.
ಬಿಡಿಸಿ ಮುಗಿಸುವಷ್ಟರಲ್ಲಿ
ಹಾಕಿಕೊಂಡು ಹೋಗಬೇಕಿದ್ದ ಮದುವೆಯ ಊಟ ಎದ್ದಿರುತ್ತಿತ್ತು.

ಆಮೇಲೆ ಎನ್.ಆರ್. ಸರ್ಕಲ್ಲಿನಿಂದ ಅಂಟುಕೊಕ್ಕೆ ತಂದೆ.
ಒಂದು ಕೆಜಿ ಹೊರುತ್ತದೆ ಅಂತ ಪೊಟ್ಟಣ ಹೇಳಿತ್ತು.
ಪುಷ್ಯದ ಚಳಿಯಲ್ಲಿ, ರಾತ್ರಿ ಎರಡಕ್ಕೆ,
ಸುಣ್ಣದ ಚಕ್ಕೆ ಕಚ್ಚಿಕೊಂಡೇ ಕಿತ್ತು ಬಂತು.
ಹಸಿರು ಅಷ್ಟೂ ಕೆಂಪು ನೆಲದ ಮೇಲೆ
ಟಣ್ ಟಣ ಟಣ
ಮಂಚದಡಿ, ಬಾಗಿಲ ಸಂದಿ,
ಮೆಟ್ಟಿಲಿಳಿದು ಕೆಳಗಿನ ಅಂಗಳಕ್ಕೂ.

ಬೆಳಿಗ್ಗೆ ದೇವೀರಮ್ಮ ಹತ್ತಿ ಬಂದರು.
ಅಂಗೈಯಲ್ಲಿ ಮೂರು ಮಣಿ, ಕಣ್ಣು ಮಾತ್ರ ಗೋಡೆಯ ಮೇಲೆ,
ಸುಣ್ಣ ಎದ್ದ ರೂಪಾಯಿಯಗಲದ ಜಾಗದಲ್ಲಿ.
ಮಗುವಿನ ಮಂಡಿಯ ತರಚು ಮುಟ್ಟುವ ಹಾಗೆ ಮುಟ್ಟಿದರು.
ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಅಂದೆ.

"ದುಡ್ಡಿನ ಮಾತಲ್ಲ ಕಣವ್ವ.
ಎರಡೆಳೆ ಅವಲಕ್ಕಿ ಸರ ಇತ್ತು ನಂದು, ನಮ್ಮತ್ತೆ ಹಾಕಿದ್ದು.
ಚಿನಿವಾರರ ಅಂಗಡೀಲಿ ತೂಗ್ಸಿ ಈ ಮಹಡಿ ಎಬ್ಬಿಸಿದ್ದು.
ಒಂದೆಳೆ ಇಟ್ಟಿಗೆಗಾಯ್ತು, ಒಂದೆಳೆ ಸಿಮೆಂಟಿಗಾಯ್ತು.
ಕೊಂಡಿ ಒಂದು ಉಳ್ಕಂಡಿತ್ತು,
ಅದ್ರಲ್ಲಿ ಆ ಬಾಗ್ಲು ಚಿಲಕ ತಂದ್ರು ನಮ್ಮೋರು.
ಯಾರಾದ್ರೂ ಮೊಳೆ ಹೊಡುದ್ರೆ ನಂಗೆ ಇಲ್ಲಿ..."
ಕತ್ತಿನ ಕುಳಿಗೆ ಬೆರಳಿಟ್ಟು ನಿಲ್ಲಿಸಿದರು.
ಅಲ್ಲಿ ಅರಿಶಿನದ ದಾರ.

ನಾನು ಚಿಲಕ ನೋಡಿದೆ. ದಿನಾ ಎಳೆದು ಹಾಕುವ ಚಿಲಕ.

ಮಧ್ಯಾಹ್ನ ಮತ್ತೆ ಬಂದರು, ಬಗಲಲ್ಲಿ ಶ್ಯಾವಿಗೆ ಕೋಲು,
ಗೆಣ್ಣುಗಳಲ್ಲಿ ಇನ್ನೂ ಹಳೆಯ ಹಿಟ್ಟು.
ತಾರಸಿ ಹಾಕಿಸುವಾಗ ತೊಟ್ಟಿಲಿಗೆಂದು ಬಿಡಿಸಿದ
ಎರಡು ಕಬ್ಬಿಣದ ಕೊಕ್ಕೆ ಇವೆ ಮೇಲೆ.
ನನ್ನನ್ನು ಸ್ಟೂಲು ಹತ್ತಿಸಿ ಹಗ್ಗ ಇಳಿಬಿಡಿಸಿ
ಗೋಡೆಗೆ ನಾಲ್ಕು ಬೆರಳು ಈಚೆಗೆ ಕೋಲು ತೂಗಿಸಿದರು.
"ಹೂಂ, ಈಗ ಹಾಕು. ಒಣಗ್ಲಿ" ಅಂತ ನಕ್ಕರು.
ಆ ಕೊಕ್ಕೆಗಳಿಗೆ ತೊಟ್ಟಿಲು ಯಾವಾಗ ಬಿದ್ದಿತ್ತು
ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಹತ್ತರ ಬಿಸಿಲು ಓರೆಯಾಗಿ ಬಂದಾಗ
ಸುಣ್ಣದ ಮೇಲೆ ಹಸಿರು, ಕೆಂಪು, ಬಳಪದ ನೆರಳು.
ಗೋಡೆ ಏನನ್ನೂ ಹೊತ್ತಿಲ್ಲ, ಆದರೂ ಹಾಕಿಕೊಂಡಿದೆ.
ಅದನ್ನು ನಾನು ನೋಡುವುದು ಭಾನುವಾರ ಮಾತ್ರ;
ಉಳಿದ ದಿನ ಆ ಹೊತ್ತಿಗೆ
ಯಾರದೋ ಪೂರ್ವ, ಯಾರದೋ ಪಶ್ಚಿಮ.

ಒಂದು ವಿಷಯ ಇತ್ತೀಚೆಗೆ ಗಮನಕ್ಕೆ ಬಂದಿದೆ.
ಸಂಜೆ ಬಂದು ನೋಡಿದರೆ
ಬಲತುದಿಯ ಹವಳ ಎಡಕ್ಕೆ ಬಂದಿರುತ್ತದೆ.
ಗೂಡಿನಲ್ಲಿಟ್ಟ ಕನ್ನಡಿ ಒಂದಿಷ್ಟು ಕೆಳಕ್ಕೆ ಬಾಗಿರುತ್ತದೆ.
ದೇವೀರಮ್ಮ ನನಗಿಂತ ಗೇಣು ಗಿಡ್ಡ.

ಕನ್ನಡಿಯನ್ನು ನಾನು ನೆಟ್ಟಗೆ ಮಾಡುವುದಿಲ್ಲ.
ಬೆಳಿಗ್ಗೆ ಬಗ್ಗಿಯೇ ಬೊಟ್ಟಿಟ್ಟುಕೊಂಡು ಹೊರಡುತ್ತೇನೆ.